ಗುಮ್ಮಟದ ಕೆಳಗಿನ ಸಾಕ್ಷಿಗಳು

ಕೋರ್ಟಿನಲ್ಲಿ ಅವಳನ್ನು ಎಲ್ಲರೂ ಬೆರಳಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಇಪ್ಪತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಒಂದೇ. ಸಾಕ್ಷಿ ಕಟಕಟೆ ಹತ್ತುತ್ತಾನೆ, ವಕೀಲರು ಕೇಳುತ್ತಾರೆ, ಅವನು ಹೇಳುತ್ತಾನೆ, ಹೇಳಿದ್ದನ್ನು ಹೇಳಿದ ಹಾಗೆಯೇ ಇವಳು ಟೈಪು ಮಾಡುತ್ತಾಳೆ. ಮುಗಿದ ಮೇಲೆ ಎದ್ದು ನಿಂತು ಟೈಪಾದದ್ದನ್ನು ಸಾಕ್ಷಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. "ಸರಿಯಾಗಿದೆಯಾ?" ಎಂದು ಕೇಳುತ್ತಾಳೆ. ಅವನು ಹೌದೆಂದರೆ ಹಾಳೆಯ ಕೆಳಗೆ ಸಹಿ ಹಾಕಿಸುತ್ತಾಳೆ. ಆಮೇಲೆ ಅವನು ಕೋರ್ಟಿನಲ್ಲಿ ಹೇಳಿದ ಮಾತು ಎಂದರೆ ಆ ಹಾಳೆಯೇ.

ಅವಳ ಬೆರಳುಗಳ ಬಗ್ಗೆ ವಕೀಲರಲ್ಲಿ ದೊಡ್ಡ ದೊಡ್ಡ ಕತೆಗಳಿದ್ದವು. ಸಾಕ್ಷಿ ಸೀನಿದರೆ ಅದನ್ನೂ ಟೈಪು ಮಾಡಿಬಿಡುತ್ತಾಳೆ ಎಂದು ಒಬ್ಬರು, ಸಾಕ್ಷಿ ಸುಳ್ಳು ಹೇಳಲು ಬಾಯಿ ತೆರೆಯುವ ಮೊದಲೇ ಬೆರಳು ಮುಂದಕ್ಕೆ ಓಡಿರುತ್ತದೆ ಎಂದು ಇನ್ನೊಬ್ಬರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಹತ್ತೊಂಬತ್ತರ ವಯಸ್ಸಿಗೆ ಟೈಪಿಂಗ್ ಕಲಿಯಲು ಸೇರಿದಾಗ ಅವಳ ಮೇಷ್ಟ್ರು ಅಕ್ಷರಗಳ ಮೇಲೆ ಬಟ್ಟೆ ಮುಚ್ಚಿ ಕಲಿಸಿದ್ದರು. "ಕಿವಿಯಿಂದ ಬೆರಳಿಗೆ ನೇರ ದಾರಿ ಮಾಡ್ಕೋಬೇಕು ಕಣಮ್ಮ, ನಡುವೆ ತಲೆ ಬಂದ್ರೆ ತಡ ಆಗುತ್ತೆ" ಎಂದು ಅವರು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದವಳು. ಕೊಲೆ, ಕಳ್ಳತನ, ಗಂಡ ಹೆಂಡಿರ ಜಗಳ, ಬೇಲಿಯ ತಕರಾರು, ಏನೇ ಇರಲಿ, ಅವಳ ಕಿವಿಯಿಂದ ಬೆರಳಿಗೆ ಇಳಿದು ಹಾಳೆಗೆ ಹೋಗಿಬಿಡುತ್ತಿತ್ತು. ಸಂಜೆ ಮನೆಗೆ ಬಂದಾಗ ತಮ್ಮನ ಹೆಂಡತಿ "ಇವತ್ತೇನು ಅತ್ತಿಗೆ, ಯಾರ ಕೇಸು?" ಎಂದು ಆಸೆಯಿಂದ ಕೇಳಿದರೆ ಹೇಳಲು ಅವಳ ಬಳಿ ಒಂದು ಸಾಲೂ ಉಳಿದಿರುತ್ತಿರಲಿಲ್ಲ. ಮದುವೆಯಾಗಲಿಲ್ಲ. ತಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ರೇಡಿಯೊ, ಕಿಟಕಿಯಲ್ಲಿ ನಾಲ್ಕು ಕುಂಡ. ತನ್ನ ಬದುಕಿನಲ್ಲಿ ಬೇರೆಯವರ ಮಾತಿಗೆ ಮೋಸ ಮಾಡಿಲ್ಲ ಎಂಬ ಒಂದು ಹೆಮ್ಮೆ ಅವಳಿಗಿತ್ತು, ಅದನ್ನು ಅವಳು ಯಾರ ಮುಂದೆಯೂ ಆಡಿ ತೋರಿಸಿದವಳಲ್ಲ.

ಹಳೆಯ ಕೋರ್ಟು ನೋಡಲು ಹಳೇ ಗೋದಾಮಿನ ಹಾಗಿತ್ತು, ಸುಳ್ಳೇಕೆ ಹೇಳಬೇಕು. ತಗ್ಗಿದ ಮರದ ಚಾವಣಿ, ಗೋಡೆಯುದ್ದಕ್ಕೂ ಆಳೆತ್ತರಕ್ಕೆ ಒಟ್ಟಿದ ಕಡತದ ಗಂಟುಗಳು, ಧೂಳು ತಿಂದು ದಪ್ಪವಾದ ಪರದೆಗಳು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತಂತೆ ಜನ. ಕಟಕಟೆ ಅವಳ ಮೇಜಿಗೆ ನಾಲ್ಕಡಿ ದೂರ. ಸಾಕ್ಷಿಯ ಉಸಿರು ಕೂಡ ಅವಳಿಗೆ ಕೇಳುತ್ತಿತ್ತು. ಹೊಸ ಕೋರ್ಟು ಕಟ್ಟಿದಾಗ ಆ ಗಂಟುಗಳನ್ನೆಲ್ಲ ನೆಲಮಾಳಿಗೆಗೆ ಸಾಗಿಸಿದರು, ಪರದೆಗಳನ್ನು ಸುಟ್ಟರು. ಹೊಸದು ಗುಂಡಗಿನ ಹಾಲ್. ನುಣುಪು ಕಲ್ಲಿನ ನೆಲ, ಕಲ್ಲಿನದೇ ಗೋಡೆ, ಮೂರು ಕಡೆ ಎತ್ತರದ ಗಾಜು, ತಲೆಯ ಮೇಲೆ ಬರಿಯ ಗಾರೆಯ ದೊಡ್ಡ ಗುಮ್ಮಟ. ನ್ಯಾಯಕ್ಕೆ ಗಾಂಭೀರ್ಯ ಬೇಕೆಂದು ಕಟಕಟೆಯನ್ನು ಅವಳ ಮೇಜಿನಿಂದ ಇಪ್ಪತ್ತೈದು ಅಡಿ ಆಚೆ ಇಟ್ಟರು. ಉದ್ಘಾಟನೆಗೆ ಬಂದ ದೊಡ್ಡವರೊಬ್ಬರು ಅರ್ಧ ಗಂಟೆ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಹೇಳಿದರೆಂದು ಆಮೇಲೆ ಯಾರನ್ನು ಕೇಳಿದರೂ ಗೊತ್ತಿರಲಿಲ್ಲ, ಆದರೆ ಭಾಷಣ ಕೇಳಿದ ಮೇಲೆ ಹಾಗಾಗುವುದು ಹೊಸತೇನಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮೊದಲ ದಿನ ಮೊದಲ ಸಾಕ್ಷಿ ಬಾಯಿ ತೆರೆದಾಗ ಬೆರಳಮ್ಮನ ಬೆರಳು ನಿಂತಿತು. ದನಿ ಬಂತು. ಬೇಕಾದಷ್ಟು ಬಂತು. ಆದರೆ ಅದರಲ್ಲಿ ಮಾತಿರಲಿಲ್ಲ. ಒಂದು ಉದ್ದನೆಯ ಆ, ಅದರೊಳಕ್ಕೆ ಒಂದು ಈ, ಅದರ ಹಿಂದೆಯೇ ಇನ್ನೊಂದು ಓ, ಎಲ್ಲ ಮೇಲಕ್ಕೆ ಹೋಗಿ ಒಂದರ ಮೇಲೊಂದು ಬಿದ್ದು ಕೆಳಗಿಳಿಯುತ್ತಿದ್ದವು. ಸಾಕ್ಷಿಯ ತುಟಿ ನಿಂತ ಮೇಲೂ ದನಿ ನಡೆದೇ ಇತ್ತು. ಅವಳು ತಲೆಯೆತ್ತಿ ಸುತ್ತ ನೋಡಿದಳು. ಜಡ್ಜು ತಲೆಯಾಡಿಸುತ್ತಿದ್ದರು. ಸರಕಾರಿ ವಕೀಲರು ತಲೆಯಾಡಿಸುತ್ತಿದ್ದರು. ಬಾಗಿಲ ಬಳಿ ನಿಂತ ಜವಾನನೂ ತಲೆಯಾಡಿಸುತ್ತಿದ್ದ. ಎಲ್ಲರಿಗೂ ಕೇಳಿಸುತ್ತಿದೆ, ನನಗೊಬ್ಬಳಿಗೇ ಇಲ್ಲ ಎಂದುಕೊಂಡಳು. ಐವತ್ತಮೂರು ವಯಸ್ಸು.

ಇಲ್ಲಿ ಅವಳ ಕೆಲಸದ ಒಂದು ಒಳಗುಟ್ಟು ಹೇಳಬೇಕು. ಪ್ರತಿ ಸಾಕ್ಷಿಯೂ ಕೋರ್ಟಿಗೆ ಬರುವ ಮೊದಲು ಪೊಲೀಸರ ಮುಂದೆ ಒಂದು ಹೇಳಿಕೆ ಕೊಟ್ಟಿರುತ್ತಾನೆ. ಅದರ ಪ್ರತಿ ಟೈಪು ಮಾಡುವವರ ಎಡಗೈ ಬಳಿ ಇರುತ್ತದೆ. ಊರ ಹೆಸರು, ತಾರೀಕು, ಮನೆ ನಂಬರು ತಪ್ಪದಿರಲೆಂದು ಆಗಾಗ ಅತ್ತ ಕಣ್ಣು ಹಾಯಿಸುವುದು ರೂಢಿ. ಸಾಕ್ಷಿ ಎಲ್ಲಾದರೂ ಗೊಣಗಿದರೆ ಒಂದೆರಡು ಶಬ್ದವನ್ನೂ ಅಲ್ಲಿಂದಲೇ ತುಂಬಿಕೊಳ್ಳುತ್ತಾರೆ. ಎಲ್ಲ ಕೋರ್ಟಿನಲ್ಲೂ ಎಲ್ಲ ಟೈಪಿಸ್ಟರೂ ಮಾಡುವುದೇ ಅದು, ತಪ್ಪೆಂದು ಯಾರೂ ತಿಳಿದಿಲ್ಲ. ಅಂದು ಬೆರಳಮ್ಮನೂ ಎಡಕ್ಕೆ ಕಣ್ಣು ಹಾಯಿಸಿದಳು. ಮೊದಲು ಒಂದು ಶಬ್ದ ತೆಗೆದುಕೊಂಡಳು, ಆಮೇಲೆ ಒಂದು ಸಾಲು. ಓದಿ ಹೇಳಿದಳು. "ಸರಿಯಾಗಿದೆಯಾ?" ಎಂದಳು. ಸಾಕ್ಷಿ ಒಂದು ಗಳಿಗೆ ಮೇಲೆ ನೋಡಿದ, ಜಡ್ಜರನ್ನು ನೋಡಿದ, ತಲೆಯಾಡಿಸಿದ. ಸಹಿಯೂ ಬಿತ್ತು. ಅವಳಿಗೆ ಹೋದ ಜೀವ ಬಂದಂತಾಯಿತು.

ಹಾಗೆ ಒಂದು ತಿಂಗಳು, ಎರಡು ತಿಂಗಳು. ಬೇರೆ ಯಾರೂ ದೂರಲಿಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಹೊಚ್ಚ ಹೊಸ ಕಟ್ಟಡ, ಎಲ್ಲರೂ ಹೊಗಳುತ್ತಿರುವಾಗ ನನಗೆ ಕೇಳಿಸುತ್ತಿಲ್ಲ ಎಂದು ಮೊದಲು ಹೇಳುವವರಾರು? ಹೇಳಿದವನಿಗೆ ಕಿವಿ ಹೋಗಿದೆ ಎನ್ನುತ್ತಾರೆ. ವಕೀಲರಿಗೆ ಕಡತ ಬಾಯಿಪಾಠ, ಕೇಳಿಸಿಕೊಳ್ಳುವ ದರ್ದೇ ಇಲ್ಲ. ಸಾಕ್ಷಿಗಳಿಗೆ ಕೋರ್ಟೆಂದರೆ ಹೀಗೇ ಇರಬೇಕು ಎಂಬ ಭಯ. ಒಬ್ಬ ಹಿರಿಯ ವಕೀಲರು ಧೈರ್ಯ ಮಾಡಿ "ಸ್ವಲ್ಪ ಜೋರಾಗಿ ಹೇಳಿ" ಎಂದರು. ಸಾಕ್ಷಿ ಕಿರುಚಿದ, ಗುಮ್ಮಟ ಅದಕ್ಕಿಂತ ಜೋರಾಗಿ ಗುಡುಗಿತು, ಎಲ್ಲರೂ ಇನ್ನೂ ಜೋರಾಗಿ ತಲೆಯಾಡಿಸಿದರು. ಮೈಕು ಹಾಕಿಸಿದರು. ಅದು ಬಂದ ಮೇಲೆ ಮೊದಲು ಅಲ್ಪಸ್ವಲ್ಪ ಸಿಗುತ್ತಿದ್ದ ಹೆಸರುಗಳೂ ಸಿಗದಾದವು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೇಜು ಒರೆಸುವುದು ಅವಳ ಅಭ್ಯಾಸ. ಖಾಲಿ ಹಾಲಿನಲ್ಲಿ ಕುರ್ಚಿ ಎಳೆದರೆ ಸದ್ದು ಕುರ್ಚಿಯಿಂದ ಬರುತ್ತಿರಲಿಲ್ಲ, ಹಿಂದಿನ ಗೋಡೆಯಿಂದ ಬರುತ್ತಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಗಾಜಿನ ಕಡೆಯಿಂದ. ಒಂದು ಸಲ ಕೆಮ್ಮಿದಳು. ಕೆಮ್ಮು ಮೇಲೆ ಹೋಗಿ, ಸುತ್ತಿ, ಇನ್ಯಾರೋ ಮೆಲ್ಲಗೆ ನಕ್ಕಂತೆ ಇಳಿದು ಬಂತು. ಆಮೇಲೆ ಅವಳು ಅಲ್ಲಿ ಕೆಮ್ಮನ್ನೂ ತಡೆದುಕೊಳ್ಳತೊಡಗಿದಳು. ಸಂಜೆ ಜನ ಹೋದ ಮೇಲೂ ಗುಮ್ಮಟದಲ್ಲಿ ಏನೋ ಗೊಜಗೊಜ ಉಳಿದಿರುವಂತೆ, ದಿನವಿಡೀ ನುಂಗಿದ ಮಾತುಗಳನ್ನು ಅದು ಮೆಲುಕು ಹಾಕುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಮನೆಗೆ ಬಂದರೆ ಕೆಳಗಿನ ಅಡುಗೆಮನೆಯಲ್ಲಿ ಚಮಚ ಬಿದ್ದದ್ದೂ ಸ್ಪಷ್ಟ ಕೇಳಿಸುತ್ತಿತ್ತು. ಮನೆಯಲ್ಲಿ ಚೆನ್ನಾಗಿರುವ ಕಿವಿ ಅಲ್ಲಿ ಯಾಕೆ ಸಾಯುತ್ತದೆ? ಯಾರಿಗೂ ಹೇಳದೆ ರಜೆ ಹಾಕಿ ಕಿವಿ ಡಾಕ್ಟರ ಬಳಿ ಹೋದಳು. ಅವರು ದಪ್ಪ ಬಟ್ಟೆ ಹೊದಿಸಿದ ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಪಿಸುಮಾತೂ ಅವಳಿಗೆ ಕೇಳಿಸಿತು.

"ನಿಮ್ಮ ಕಿವಿಗೆ ಏನೂ ಆಗಿಲ್ಲಮ್ಮ, ಇಪ್ಪತ್ತು ವರ್ಷದ ಹುಡುಗೀರಿಗೆ ಇರೋ ಹಾಗಿದೆ" ಎಂದರು ಡಾಕ್ಟರು, ನಗುತ್ತ.

ಕಿವಿ ಹೋಗಿದೆ ಎಂದಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ. ಕಿವಿ ಚೆನ್ನಾಗಿದ್ದರೆ ಕೆಟ್ಟಿರುವುದು ತಲೆಯೇ ಎಂದುಕೊಳ್ಳುತ್ತ ಡಾಕ್ಟರ ಮೆಟ್ಟಿಲು ಇಳಿದಳು.

ಕೊನೆಗೆ ಅವಳು ತಮ್ಮನ ಮುಂದೆ ಬಾಯಿಬಿಟ್ಟಳು. ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಹಾಕುವುದು ಅವನ ಕಸುಬು, ಮೂವತ್ತು ವರ್ಷ ಅದರಲ್ಲೇ ಪಳಗಿದವನು. ಒಂದು ಭಾನುವಾರ ಬೆಳಿಗ್ಗೆ ಕಾವಲಿನವನನ್ನು ಒಪ್ಪಿಸಿ ಇಬ್ಬರೂ ಒಳಗೆ ಹೋದರು. ತಮ್ಮ ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದ. ಸದ್ದು ಎದ್ದಿತು. ಅವನು ಗಡಿಯಾರ ನೋಡುತ್ತ ನಿಂತ. ಸದ್ದು ಮೇಲೇರಿತು, ಹರಡಿತು, ಪಕ್ಕದ ಗಾಜನ್ನು ಸವರಿಕೊಂಡು ಹಿಂದಕ್ಕೆ ಬಂತು, ಮುಗಿಯಿತು ಎನ್ನುವಾಗ ಮತ್ತೆ ಎಲ್ಲೋ ತಲೆ ಎತ್ತಿತು.

"ಐದು ಸೆಕೆಂಡು" ಎಂದ ತಮ್ಮ. ಅವನ ಮುಖದ ಬಣ್ಣ ಇಳಿದಿತ್ತು. "ಅಕ್ಕಾ, ಇದೇನು ಕೋರ್ಟೋ ಕೊಡವೋ?"

ಅವಳ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ. ಅಷ್ಟು ಹತ್ತಿರದಿಂದ ಮಾತ್ರ ಮಾತು ಮಾತಾಗಿ ಕೇಳಿಸಿತು. "ನೋಡು, ಮನುಷ್ಯ ಒಂದು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡ್ತಾನೆ. ಮೊದಲನೇ ಅಕ್ಷರ ಸಾಯೋಕೆ ಮುಂಚೆ ಇಪ್ಪತ್ತು ಅಕ್ಷರ ಅದರ ಮೇಲೆ ಬಂದು ಬೀಳುತ್ತೆ. ಆ, ಈ, ಊ ಅನ್ನೋದಕ್ಕೆಲ್ಲ ಶಕ್ತಿ ಜಾಸ್ತಿ, ಅವು ನೇತಾಡ್ಕೊಂಡು ನಿಲ್ಲುತ್ತೆ. ಕ, ಚ, ಟ, ಪ ಅನ್ನೋದು ಪುಕ್ಕಲು, ಅವುಗಳ ಕೆಳಗೆ ಸಿಕ್ಕಿ ಸಾಯುತ್ತೆ. ಮಾತಿನ ಅರ್ಥ ಇರೋದೇ ಆ ಪುಕ್ಕಲಲ್ಲಿ. ಜೋರಾಗಿ ಕೂಗಿದ್ರೆ ಬಾಲಾನೂ ಜೋರಾಗುತ್ತೆ. ಮೈಕ್ ಹಾಕಿದ ಪುಣ್ಯಾತ್ಮನ ತಲೆ ನೋಡ್ಬೇಕು ನಾನು."

"ಹಳೇ ಕೋರ್ಟಲ್ಲಿ ಹೀಗಿರಲಿಲ್ವಲ್ಲೋ."

"ಅಲ್ಲಿ ಕಡತದ ಗಂಟಿತ್ತಲ್ಲಕ್ಕಾ. ಕಾಗದ, ಬಟ್ಟೆ, ಮರ, ಜನದ ಮೈ, ಎಲ್ಲ ಸದ್ದು ಕುಡಿಯುತ್ತೆ. ನೀವು ಕಸ ಅಂತ ಕೆಳಗೆ ಹಾಕಿದ್ದೇ ನಿಮಗೆ ಕಿವಿ ಆಗಿತ್ತು."

"ಹಾಗಾದ್ರೆ ಇಲ್ಲಿ ಯಾರಿಗೂ..."

"ಹತ್ತಡಿ ಆಚೆ ಇರೋರು ಯಾರಿಗೂ ಕೇಳಿಸಲ್ಲ. ಒಂದೊಂದೇ ಶಬ್ದ ಆಡಿ, ಅದು ಪೂರ್ತಿ ಸತ್ತ ಮೇಲೆ ಇನ್ನೊಂದು ಆಡಿದ್ರೆ ಉಂಟು. ಹಾಗೆ ಯಾರು ಮಾತಾಡ್ತಾರೆ?"

ಯಾರಿಗೂ ಕೇಳಿಸುವುದಿಲ್ಲ. ಬೆರಳಮ್ಮ ಆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು, ಬೆಳಗಾಗುವ ಹೊತ್ತಿಗೆ ತಮ್ಮ ಹೇಳಿದ್ದನ್ನು ನಂಬಬಾರದೆಂದು ತೀರ್ಮಾನಿಸಿದಳು. ಎಷ್ಟೊಂದು ತಲೆಗಳು ಆಡುತ್ತವೆ, ಅಷ್ಟೂ ಸುಳ್ಳಾಗಲು ಸಾಧ್ಯವೇ? ಅದನ್ನು ಪರೀಕ್ಷೆ ಮಾಡಲು ಅವಳು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಒಬ್ಬ ಲಾರಿ ಡ್ರೈವರನ ಸಾಕ್ಷಿ. ಎಂದಿನಂತೆ ಮುಗಿಯಿತು. ಓದಿ ಹೇಳಲು ಎದ್ದು ನಿಂತಾಗ ಅವಳ ಕೈಯಲ್ಲಿದ್ದದ್ದು ಸಾಕ್ಷ್ಯದ ಹಾಳೆಯಲ್ಲ, ತಮ್ಮನ ಹೆಂಡತಿ ಬೆಳಿಗ್ಗೆ ಕೊಟ್ಟಿದ್ದ ಅಂಗಡಿ ಚೀಟಿ. ಕೋರ್ಟಿನ ಅದೇ ರಾಗದಲ್ಲಿ, ಅದೇ ಗಾಂಭೀರ್ಯದಲ್ಲಿ ಅವಳು ಓದಿದಳು. ಬಟ್ಟೆ ಸೋಪು ನಾಲ್ಕು. ಬೆಂಕಿಪೊಟ್ಟಣ ಒಂದು ಕಟ್ಟು. ಪೊರಕೆ ಎರಡು, ಒಂದು ಉದ್ದದ್ದು. ಇಲಿ ಪಾಷಾಣ ಮರೆಯಬೇಡಿ.

"ಸರಿಯಾಗಿದೆಯಾ?"

ಡ್ರೈವರು ತಲೆಯಾಡಿಸಿದ. ಸರಕಾರಿ ವಕೀಲರು ಕಣ್ಣುಮುಚ್ಚಿ ತಲೆಯಾಡಿಸಿದರು. ಆಚೆ ಕಡೆಯ, ಆರೋಪಿ ಪರ ವಕೀಲರು ಏನೋ ಗುರುತು ಹಾಕಿಕೊಂಡರು. ಜಡ್ಜು ಸೀದಾ ಅವಳ ಮುಖವನ್ನೇ ನೋಡುತ್ತ, ಬಹಳ ವಿಚಾರ ಮಾಡಿದವರಂತೆ, ಎರಡು ಸಲ ತಲೆಯಾಡಿಸಿದರು. ಹಾಲಿನ ಬೆಂಚುಗಳ ಮೇಲಿದ್ದ ನಲವತ್ತೈವತ್ತು ತಲೆಗಳು ಅವರನ್ನು ನೋಡಿ ಆಡಿದವು. ಇಲಿ ಪಾಷಾಣದ ಕೊನೆಯ ದನಿ ಇನ್ನೂ ಗುಮ್ಮಟದಲ್ಲಿ ಸುತ್ತುತ್ತಿತ್ತು. ಒಬ್ಬರಾದರೂ ನಗಲಿ, ಒಬ್ಬರಾದರೂ ಬೈಯಲಿ ಎಂದು ಬೆರಳಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಡ್ರೈವರು ಬಂದು ನಿಜವಾದ ಹಾಳೆಗೆ ಸಹಿ ಹಾಕಿ ಹೋದ.

ಮಧ್ಯಾಹ್ನ ಅವಳು ಅರ್ಧ ದಿನದ ರಜೆ ಬರೆದುಕೊಟ್ಟು, ಊಟದ ಡಬ್ಬಿ ತೆರೆಯದೆ ನೆಲಮಾಳಿಗೆಗೆ ಇಳಿದಳು. ಹೊಸ ಹಾಲಿಗೆ ಬಂದ ಹನ್ನೊಂದು ತಿಂಗಳ ಕಡತಗಳನ್ನು ಒಂದೊಂದಾಗಿ ಬಿಚ್ಚಿ ಪೊಲೀಸರ ಹಾಳೆಯನ್ನು ಎಡಕ್ಕೆ, ತಾನು ಟೈಪು ಮಾಡಿದ ಹಾಳೆಯನ್ನು ಬಲಕ್ಕೆ ಇಟ್ಟು ನೋಡಿದಳು. ಮೊದಲ ತಿಂಗಳು ಅಲ್ಲೊಂದು ಇಲ್ಲೊಂದು ಸಾಲು ಬೇರೆ ಇತ್ತು. ಮೂರನೇ ತಿಂಗಳಿಗೆ ಎಡವೂ ಬಲವೂ ಒಂದೇ. ಅಲ್ಪವಿರಾಮ ಕೂಡ ಒಂದೇ. ಎಷ್ಟೋ ಹಾಳೆಗಳನ್ನು ತಾನು ಟೈಪು ಮಾಡಿದ ನೆನಪೂ ಅವಳಿಗಿರಲಿಲ್ಲ. ಕಿವಿಯಿಂದ ಏನೂ ಬಾರದಿದ್ದಾಗ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಣ್ಣಿನ ದಾರಿ ಹಿಡಿದಿದ್ದವು. ಆಗ ಅವಳಿಗೆ ಸರಕಾರಿ ವಕೀಲರು ಆಗಾಗ ಆಡುತ್ತಿದ್ದ ಒಂದು ತಮಾಷೆ ನೆನಪಾಯಿತು. "ಈ ಹಾಲ್ ಬಹಳ ಅದೃಷ್ಟದ್ದು ಬೆರಳಮ್ಮನವ್ರೇ, ಇಲ್ಲಿಗೆ ಬಂದ ಮೇಲೆ ಒಬ್ಬ ಸಾಕ್ಷೀನೂ ಉಲ್ಟಾ ಹೊಡೆದಿಲ್ಲ ನೋಡಿ!" ಒಬ್ಬನೂ ಇಲ್ಲ. ಹನ್ನೊಂದು ತಿಂಗಳಲ್ಲಿ ನಾನೂರ ಹದಿಮೂರು ಜನ ಆ ಕಟಕಟೆ ಹತ್ತಿ ಅತ್ತಿದ್ದರು, ಕೂಗಿದ್ದರು, ಕೈ ಮುಗಿದಿದ್ದರು. ಪೊಲೀಸರು ಬರೆದುಕೊಂಡದ್ದಕ್ಕಿಂತ ಬೇರೆ ಒಂದು ಮಾತೂ ಅವರಲ್ಲಿ ಯಾರೂ ಆಡಿರಲಿಲ್ಲ.

ಹೆಚ್ಚಿನ ಕೇಸುಗಳು ಮುಗಿದುಹೋಗಿದ್ದವು. ಒಂದು ಮಾತ್ರ ಮುಂದಿನ ಸೋಮವಾರದ ತೀರ್ಪಿಗೆ ನಿಂತಿತ್ತು. ಒಂದು ಗೋದಾಮಿಗೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಹಮಾಲಿ ಸತ್ತಿದ್ದ, ಬೆಂಕಿ ಇಟ್ಟವನು ಅಲ್ಲಿಯ ಹಗಲಿನ ಕಾವಲುಗಾರನೇ ಎಂದು ಆರೋಪ. ಅವನ ವಿರುದ್ಧ ಗಟ್ಟಿಯಾದ ಸಾಕ್ಷ್ಯ ಒಂದೇ, ಅವನ ಸ್ವಂತ ತಾಯಿಯದು. ಆ ಸಂಜೆ ಮಗ ಮನೆಯಲ್ಲಿರಲಿಲ್ಲ, ತಡವಾಗಿ ಬಂದ, ಬಟ್ಟೆ ಸೀಮೆಎಣ್ಣೆ ನಾರುತ್ತಿತ್ತು. ಏಳು ಸಾಲು, ಕೆಳಗೆ ಹೆಬ್ಬೆಟ್ಟು. ಎಡದ ಹಾಳೆಯಲ್ಲೂ ಅದೇ ಏಳು ಸಾಲು. ಬೆರಳಮ್ಮನಿಗೆ ಆ ಮುದುಕಿಯ ನೆನಪಿತ್ತು, ಏಕೆಂದರೆ ಅವಳು ಏಳು ಸಾಲಿನಷ್ಟು ಮಾತಾಡಿರಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದ್ದಳು. ಕಟಕಟೆಯ ಅಡ್ಡಪಟ್ಟಿಯನ್ನು ಅಂಗೈಯಿಂದ ಬಡಿದಿದ್ದಳು. ಒಂದು ಸಲ ಮಗನ ಕಡೆ ಕೈ ತೋರಿಸಿ ಎದೆ ಮುಟ್ಟಿಕೊಂಡಿದ್ದಳು. ಕೈ ನೆನಪಿತ್ತು, ಬಾಯಿ ನೆನಪಿತ್ತು, ಮಾತು ಒಂದೂ ಇರಲಿಲ್ಲ. ಅವಳನ್ನು ಮತ್ತೆ ಕರೆಸಿ ಕೇಳೋಣವೆಂದರೆ ಸಾಕ್ಷಿ ನುಡಿದು ತಿಂಗಳೊಳಗೆ ಆಕೆ ತೀರಿಕೊಂಡಿದ್ದಳು. ಕಡತದಲ್ಲಿ ಮರಣ ಪತ್ರ ಲಗತ್ತಾಗಿತ್ತು. ಸೋಮವಾರ ಆ ಏಳು ಸಾಲಿನ ಬಲದ ಮೇಲೆ ಒಬ್ಬ ಮನುಷ್ಯ ಬದುಕಿರುವಷ್ಟು ಕಾಲ ಜೈಲಿಗೆ ಹೋಗುವವನಿದ್ದ.

ಬೆರಳಮ್ಮ ಅಲ್ಲೇ ಗಂಟಿನ ಮೇಲೆ ಕುಸಿದು ಕೂತು ಅತ್ತಳು. ಸುತ್ತಲೂ ಹಳೆಯ ಕಡತಗಳಿದ್ದವಲ್ಲ, ಅವಳ ಅಳು ಅವಳದೇ ದನಿಯಲ್ಲಿ ಅವಳಿಗೆ ಕೇಳಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಕೆಲವು ವರ್ಷದಲ್ಲಿ ಹಾರ ಹಾಕಿಸಿಕೊಂಡು ನಿವೃತ್ತಳಾಗಬಹುದಿತ್ತು. ಹಾಗೆ ಮಾಡಬೇಕೆಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆದರೆ ಸಂಜೆ ಐದಕ್ಕೆ ಅವಳು ಜಡ್ಜರ ಕೋಣೆಯ ಬಾಗಿಲು ತಟ್ಟಿದಳು.

ಜಡ್ಜರ ಕೋಣೆಯಲ್ಲಿ ರತ್ನಗಂಬಳಿ, ಗೋಡೆ ತುಂಬ ಪುಸ್ತಕ. ಅಲ್ಲಿ ಮಾತು ಮಾತಿನಂತೆಯೇ ಕೇಳಿಸುತ್ತಿತ್ತು. ಅವಳು ಒಂದೂ ಬಿಡದೆ ಹೇಳಿದಳು. ಅಂಗಡಿ ಚೀಟಿಯ ವಿಷಯವನ್ನೂ ಹೇಳಿದಳು. ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೊರಕೆ ಎರಡು ಅಂದ್ರಾ?"

"ಹೌದು ಸ್ವಾಮಿ."

"ನಾನು ತಲೆ ಆಡಿಸಿದ್ನಾ?"

"ಎರಡು ಸಲ ಆಡಿಸಿದ್ರಿ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು, "ನನಗೆ ಕಿವಿ ಹೋಗಿದೆ ಅಂದ್ಕೊಂಡಿದ್ದೆನಮ್ಮ. ಮನೇಲಿ ಹೆಂಡತಿಗೂ ಹೇಳಿಲ್ಲ. ನಿಮ್ಮ ಹಾಳೆ ಇದೆಯಲ್ಲ, ಬೆರಳಮ್ಮ ಬರೆದ್ರೆ ತಪ್ಪಿರಲ್ಲ, ಅದನ್ನ ಓದ್ಕೊಂಡೇ ತೀರ್ಪು ಬರೀತಾ ಬಂದೆ."

ಆ ನಂಬಿಕೆಯ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು.

"ಇಲ್ಲಿ ಹೇಳಿದ್ದು ನನ್ನೊಬ್ಬನ ಕಿವೀಲಿ ಇರುತ್ತೆ, ಅದರ ಮೇಲೆ ನಾನೇನೂ ಬರೆಯೋ ಹಾಗಿಲ್ಲ" ಎಂದರು ಜಡ್ಜು. "ನೀವು ಸೋಮವಾರ ಕಟಕಟೆ ಹತ್ತಿ, ಎಲ್ಲರ ಮುಂದೆ ಹೇಳ್ಬೇಕು. ನಿಮ್ಮ ಕೆಲಸ ಹೋಗಬಹುದು. ನನ್ನದೂ ಉಳಿಯುತ್ತೆ ಅಂತ ಹೇಳಲಾರೆ. ಹೇಳ್ತೀರಾ?"

"ಹೇಳ್ತೀನಿ ಸ್ವಾಮಿ."

ಸೋಮವಾರ ಅವಳ ಮೇಜಿಗೆ ಪಕ್ಕದ ಕೋರ್ಟಿನ ಟೈಪಿಸ್ಟ್ ಬಂದು ಕೂತಳು. ಬೆರಳಮ್ಮ ಕಟಕಟೆ ಹತ್ತಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ. ಅಲ್ಲಿಂದ ನೋಡಿದರೆ ಹಾಲ್ ಇನ್ನೂ ದೊಡ್ಡದಾಗಿತ್ತು, ಮುಖಗಳೆಲ್ಲ ಚಿಕ್ಕದಾಗಿ, ದೂರದಲ್ಲಿ, ಅವಳ ಕಡೆಗೆ ತಿರುಗಿದ್ದವು. ಎಡಗಡೆಯ ಕಂಬಿಗಳ ಹಿಂದೆ ಕಾವಲುಗಾರ ನಿಂತಿದ್ದ. ಮೂವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಸರಕಾರಿ ವಕೀಲರು ಏನೋ ಕೇಳಿದರು. ಏನು ಕೇಳಿದರೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಹೇಳಬೇಕಾದದ್ದು ಗೊತ್ತಿತ್ತು. ಬಾಯಿ ತೆರೆದಳು. ಗಾಬರಿಯಲ್ಲಿ ಮಾತು ದಡದಡನೆ ಹೊರಬಂತು. ಅವಳ ದನಿ ಅವಳನ್ನು ಬಿಟ್ಟು ಮೇಲಕ್ಕೆ ಹೋಯಿತು, ಅಲ್ಲಿ ಇನ್ಯಾರದೋ ದನಿಯಾಗಿ, ಅರ್ಥವಿಲ್ಲದ ಒಂದು ಹಾಡಾಗಿ ಅವಳ ಮೇಲೇ ಇಳಿಯಿತು.

ತಲೆಗಳು ಆಡತೊಡಗಿದವು. ಸರಕಾರಿ ವಕೀಲರದು, ಆಚೆ ವಕೀಲರದು, ಜವಾನನದು, ಬೆಂಚುಗಳ ಮೇಲಿನ ಸಾಲು ಸಾಲು ತಲೆಗಳು. ಜಡ್ಜು ಮಾತ್ರ ಎರಡೂ ಕೈಯಲ್ಲಿ ಗದ್ದ ಹಿಡಿದು ತಲೆಯನ್ನು ಅಲುಗಾಡದಂತೆ ಇಟ್ಟುಕೊಂಡಿದ್ದರು. ಅವಳ ಮೇಜಿನಲ್ಲಿ ಕೂತ ಹೆಂಗಸಿನ ಬೆರಳುಗಳು ಸರಾಗವಾಗಿ ಓಡುತ್ತಿದ್ದವು. ಆಕೆಯ ಕಣ್ಣು ಎಡಕ್ಕೆ, ಪೊಲೀಸರ ಹಾಳೆಯ ಮೇಲಿತ್ತು. ಬೆರಳಮ್ಮನಿಗೆ ಆಗ ಹೊಳೆಯಿತು. ತಾನು ಈಗ ಆಡುತ್ತಿರುವುದೂ ಅದೇ ಏಳು ಸಾಲಾಗಿ ಹಾಳೆಗೆ ಇಳಿಯುತ್ತಿದೆ, ಇನ್ನೈದು ನಿಮಿಷಕ್ಕೆ ತನಗೇ ಅದನ್ನು ಓದಿ ಹೇಳುತ್ತಾರೆ, ಇಷ್ಟೊಂದು ತಲೆಗಳ ನಡುವೆ ತನ್ನ ತಲೆಯೂ ಆಡಿಬಿಡುತ್ತದೆ.

ಅವಳು ಬಾಯಿ ಮುಚ್ಚಿದಳು. ಗುಮ್ಮಟ ಬರಿದಾಗುವವರೆಗೂ ಕಾದಳು. ಕೊನೆಯ ಎಳೆ ಗಾಜಿನ ಮೇಲೆ ಸವೆದು ಹೋಯಿತು. ಅಷ್ಟು ಹೊತ್ತು ಆ ಹಾಲಿನಲ್ಲಿ ಯಾರೂ ಸುಮ್ಮನಿದ್ದದ್ದಿಲ್ಲ. ಟೈಪಿಸ್ಟಿನ ಬೆರಳು ನಿಂತಿತು.

"ನಾನು" ಎಂದಳು ಬೆರಳಮ್ಮ, ಮೆಲ್ಲಗೆ. ಕಾದಳು. ಶಬ್ದ ಮೇಲೆ ಹೋಗಿ ಸುತ್ತಿ ಸತ್ತಿತು.

"ಸಾಕ್ಷಿಗಳ." ಕಾದಳು.

"ಮಾತು." ಕಾದಳು.

"ಕೇಳಿಸಿಕೊಂಡಿಲ್ಲ."

ಒಂದೊಂದಾಗಿ ತಲೆಗಳು ನಿಂತವು. ಮುಂದಿನ ಬೆಂಚಿನಲ್ಲೊಬ್ಬಳು ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಆ ಜಾಗದಲ್ಲಿ ಒಬ್ಬರು ಮಾತಾಡಿದ್ದು ಅವರಿಗೆ ಕೇಳಿಸಿತ್ತು, ಅದು ಅವರನ್ನು ಹೆದರಿಸಿತು.

"ಪೊಲೀಸರ. ಹಾಳೆ. ನೋಡಿ. ಬರೆದೆ. ಎಲ್ಲರದ್ದೂ. ಹಾಗೇ. ಬರೆದೆ. ಈ. ತಾಯಿಯದ್ದೂ."

ಎಷ್ಟು ನಿಮಿಷ ಹಿಡಿಯಿತೋ. ಹೇಳಿ ಮುಗಿಸಿದಾಗ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಜಡ್ಜು ತಾವೇ ಪೆನ್ನು ತೆಗೆದು ಬರೆದುಕೊಂಡರು. ಬೆರಳಮ್ಮ ಇಳಿಯಬೇಕೆಂದು ಕಾಲು ತೆಗೆದಾಗ ಕಂಬಿಗಳ ಕಡೆಯಿಂದ ದನಿ ಬಂತು. ಕಾವಲುಗಾರ ತಲೆಯೆತ್ತಿದ್ದ. ಮಾತಾಡುವ ರೀತಿಯನ್ನು ಅವನು ಅವಳಿಂದಲೇ ಈಗಷ್ಟೇ ಕಲಿತಿದ್ದ.

"ಅಮ್ಮಾ."

ಎಲ್ಲರೂ ಅವನ ಕಡೆ ತಿರುಗಿದರು. ಸರಕಾರಿ ವಕೀಲರು ತಡೆಯಲು ಎದ್ದರು, ಜಡ್ಜು ಕೈಯೆತ್ತಿ ಕೂರಿಸಿದರು.

"ನನಗೂ. ಕೇಳಿಸಿರಲಿಲ್ಲ. ಜೈಲಲ್ಲಿ. ಅವ್ವನ. ಹಾಳೆ. ಓದಿಸ್ಕೊಂಡೆ." ಅವನು ಎರಡೂ ಕೈಯಿಂದ ಕಂಬಿ ಹಿಡಿದಿದ್ದ. "ಅವ್ವ. ಸತ್ತಾಗ. ಮುಖ ನೋಡೋಕೆ. ಕರ್ಕೊಂಡ್ಹೋಗ್ತೀವಿ. ಅಂದ್ರು."

ಗುಮ್ಮಟ ಅಷ್ಟನ್ನೂ ತಿಂದು ಮುಗಿಸಿತು.

"ನಾನು. ಬರಲ್ಲ. ಅಂದೆ."

ಬೆರಳಮ್ಮನ ಕೈ ಕಟಕಟೆಯ ಅಡ್ಡಪಟ್ಟಿಯನ್ನು ಗಟ್ಟಿಯಾಗಿ ಹಿಡಿಯಿತು.

"ಅವ್ವ. ಅವತ್ತು. ಏನು. ಹೇಳಿದ್ಲು?"

ಅವಳಿಗೆ ಉತ್ತರ ಬಾಯಿಗೆ ಬಂದಿತ್ತು. ಮಗ ಮನೆಯಲ್ಲೇ ಇದ್ದ ಎಂದಳಪ್ಪ, ನನ್ನ ಮಗ ಅಂಥವನಲ್ಲ ಎಂದಳಪ್ಪ. ಯಾವ ತಾಯಿ ಬೇರೆ ಏನು ಹೇಳಿಯಾಳು? ಹಾಗೆ ಎದೆ ಮುಟ್ಟಿಕೊಂಡವಳು ಮತ್ತೇನು ಹೇಳಿರಲು ಸಾಧ್ಯ? ಅದನ್ನು ಹೇಳಿದರೆ ಇಡೀ ಕೋರ್ಟು ನಂಬುತ್ತಿತ್ತು, ಅವನೂ ನಂಬುತ್ತಿದ್ದ, ಬಹುಶಃ ಅದು ನಿಜವೂ ಆಗಿತ್ತು. ಆದರೆ ಅದೂ ತುಂಬಿಕೊಂಡ ಮಾತೇ ಆಗುತ್ತಿತ್ತು, ಎಡಗಡೆಯ ಹಾಳೆಯಿಂದ ಅಲ್ಲ, ಅಷ್ಟೆ.

"ಗೊತ್ತಿಲ್ಲ. ಮಗಾ" ಎಂದಳು ಬೆರಳಮ್ಮ.

ಅವನಿಗೆ ಕೇಳಿಸಿತು. ಅವನು ಅವಳನ್ನು ಬೈಯಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ, ಅವ್ವ ಅವತ್ತು ಆಡಿದ ಮಾತು ಇನ್ನೂ ಅಲ್ಲೆಲ್ಲೋ ಸುತ್ತುತ್ತಿರಬಹುದು ಎನ್ನುವವನಂತೆ ಕಿವಿಗೊಟ್ಟು ಗುಮ್ಮಟವನ್ನೇ ನೋಡುತ್ತ ನಿಂತ. ಪೊಲೀಸರು ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋಗುವಾಗಲೂ ಅವನು ಮುಖ ಕೆಳಗಿಳಿಸಲಿಲ್ಲ.